ರಾಮಲಿಂಗಯ್ಯನವರ ಉಪ್ಪುನೀರಿನ ಪೆಟ್ಟಿಗೆ

1943ನೆಯ ಇಸವಿ ಫೆಬ್ರವರಿ 9, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಮಳವಳ್ಳಿ ಪೊಲೀಸ್ ಠಾಣೆಯ ದಫೇದಾರ್ ನಿಂಗಯ್ಯ ಠಾಣಾ ಡೈರಿಗೆ ರುಜು ಹಾಕಿ ತಲೆಯೆತ್ತಿದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನಲವತ್ತರ ಆಸುಪಾಸಿನ ವಯಸ್ಸು. ಓಡಿ ಬಂದಿದ್ದಳು. ಕೈಯಲ್ಲಿ ಹಾಲಿನ ಚೊಂಬು ಹಾಗೇ ಇತ್ತು. ಅದನ್ನು ಹಿಡಿದುಕೊಂಡೇ ಬಂದದ್ದು ಆಕೆಗೆ ಗೊತ್ತಿದ್ದಂತಿರಲಿಲ್ಲ.

"ಯಾಕವ್ವ, ಏನಾಯ್ತು?"

"ನಮ್ ಯಜಮಾನ್ರು ಓಗ್ಬುಟ್ರು. ಆ ಪೆಟ್ಗೆ ತಿಂದ್ಬುಡ್ತು."

"ಯಾವ ಪೆಟ್ಗೆ?"

"ಉಪ್ನೀರ್ ಪೆಟ್ಗೆ ಕಣಪ್ಪ."

ನಿಂಗಯ್ಯ ಮುಂದೆ ಕೇಳಲಿಲ್ಲ. ಮಳವಳ್ಳಿಯಲ್ಲಿ ಆ ಪೆಟ್ಟಿಗೆಯ ಸುದ್ದಿ ಗೊತ್ತಿಲ್ಲದವರೇ ಇರಲಿಲ್ಲ. ರಾಮಲಿಂಗಯ್ಯನವರು ಶಿವನಸಮುದ್ರದ ಪವರ್ ಹೌಸಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಪಿಂಚಣಿ ಪಡೆದು, ಊರಿಗೆ ಬಂದು ಪೇಟೆಬೀದಿಯಲ್ಲಿ ಮನೆ ಮಾಡಿದ್ದವರು. ಬಂದ ವರ್ಷದೊಳಗೇ ಮನೆಯ ಪಡಸಾಲೆಯಲ್ಲಿ ಗಾಜಿನದೊಂದು ಪೆಟ್ಟಿಗೆ ಕಟ್ಟಿಸಿ, ಅದಕ್ಕೆ ಸಮುದ್ರದ ನೀರು ತುಂಬಿಸಿ, ಸಮುದ್ರದ ಮೀನು ಬಿಟ್ಟಿದ್ದರು. ಕಡಲನ್ನು ಕಣ್ಣಿಂದ ಕಂಡವರು ಊರಲ್ಲಿ ಹತ್ತು ಜನ ಇದ್ದರೆ ಹೆಚ್ಚು. ಮೊದಮೊದಲು ಜನ ಸಾಲುಗಟ್ಟಿ ಬಂದು ನೋಡಿದರು. ಆಮೇಲೆ ಯಾರದೋ ಎಮ್ಮೆ ಸತ್ತ ಕರು ಹಾಕಿತು, ಯಾರದೋ ಮಗುವಿಗೆ ಅಮ್ಮ ಎದ್ದಿತು. ಕಡಲನ್ನು ಕೇಳದೆ ಕರೆತಂದದ್ದೇ ಅದಕ್ಕೆಲ್ಲ ಕಾರಣ ಎಂದು ಮಾತಾಯಿತು. ಹೆಂಗಸರು ಆ ಮನೆಯ ಮುಂದೆ ಬಂದಾಗ ಬೀದಿಯ ಆಚೆ ಬದಿಗೆ ಸರಿದು ನಡೆಯತೊಡಗಿದರು. ನಿಂಗಯ್ಯನೂ ಆ ಕಡೆ ಗಸ್ತು ಹೋದಾಗ ಕಿಟಕಿಯೊಳಗೆ ಇಣುಕಿದವನಲ್ಲ.

ಇನ್ಸ್‌ಪೆಕ್ಟರ್ ತಿಮ್ಮಯ್ಯನವರು ಸಮಾಚಾರ ಕೇಳಿ ಟೋಪಿ ಹಾಕಿಕೊಂಡು ಎದ್ದರು. ಸದ್ಯಕ್ಕೆ ಅಸ್ವಾಭಾವಿಕ ಮರಣವೆಂದು ಬರೆದುಕೊಳ್ಳಲು ಹೇಳಿದರು. ಒಂಬತ್ತು ಗಂಟೆ ಐದು ನಿಮಿಷಕ್ಕೆ ಅವರು, ನಿಂಗಯ್ಯ, ಒಬ್ಬ ಪೇದೆ ಆ ಮನೆ ಮುಟ್ಟಿದರು.

ಬೀದಿ ತುಂಬ ಜನ. ಹೊಸ್ತಿಲು ದಾಟಿದವರು ಮಾತ್ರ ಒಬ್ಬರೂ ಇಲ್ಲ.

ಒಳಗೆ ಮೊದಲು ಕೇಳಿಸಿದ್ದು ಒಂದು ಗುಂಯ್ ಗುಡುವ ಸದ್ದು. ಪೆಟ್ಟಿಗೆಯ ಪಕ್ಕದಲ್ಲಿ ಪುಟ್ಟ ಮೋಟಾರೊಂದು ಓಡುತ್ತಿತ್ತು. ಅದರಿಂದ ಹೊರಟ ರಬ್ಬರ್ ಕೊಳವೆ ನೀರಿನ ತಳಕ್ಕೆ ಗಾಳಿ ಊದುತ್ತಿತ್ತು. ಮೂರಡಿ ಉದ್ದ, ಎರಡಡಿ ಎತ್ತರದ ಪೆಟ್ಟಿಗೆ; ಕಬ್ಬಿಣದ ಚೌಕಟ್ಟು, ನಾಲ್ಕೂ ಕಡೆ ಗಾಜು, ಮೇಲೆ ಉರಿಯುವ ಬಲ್ಬು. ತಳದಲ್ಲಿ ಬಿಳಿ ಮರಳು, ಅದರ ಮೇಲೆ ತೂತುತೂತಾದ ಹವಳದ ಕಲ್ಲುಗಳ ಗುಡ್ಡೆ. ಕಲ್ಲಿಗೆ ಅಂಟಿಕೊಂಡ ಹೂವಿನಂಥದೊಂದು ತನ್ನ ನೂರು ಬೆರಳುಗಳನ್ನು ಆಡಿಸುತ್ತಿತ್ತು. ಗಾಳಿಯಿಲ್ಲದ ಕೋಣೆಯಲ್ಲಿ ಅದೊಂದೇ ಅಲ್ಲಾಡುತ್ತಿದ್ದುದನ್ನು ನೋಡಿ ನಿಂಗಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಅದರ ನಡುವೆ ಕೇಸರಿ ಮೈಯ, ಬಿಳಿ ಪಟ್ಟೆಯ ಎರಡು ಮೀನು ಏನೂ ಆಗಿಲ್ಲವೆಂಬಂತೆ ನುಸುಳಾಡುತ್ತಿದ್ದವು.

ರಾಮಲಿಂಗಯ್ಯನವರು ಪೆಟ್ಟಿಗೆಯ ಎದುರಿನ ಕುರ್ಚಿಯಲ್ಲಿ ಒರಗಿದ್ದರು. ಕಣ್ಣು ಅರ್ಧ ತೆರೆದಿತ್ತು. ಬಲಗೈಯ ಅಂಗಿಯ ತೋಳು ಮೊಣಕೈವರೆಗೆ ಮಡಿಸಿತ್ತು.

"ಆರೂವರೆಗೆ ಕಲ್ಲಿನ ಇಂದ್ಗಡೆ ಮರಳ ಕೆದಕ್ತಾ ಇದ್ರು, ದಿನಾ ಮಾಡ್ದಂಗೆ" ಎಂದಳು ರಾಮಲಿಂಗಯ್ಯನವರ ಹೆಂಡತಿ ಯಶೋದಮ್ಮ. "ಕೈ ಜೋಮು ಇಡೀತಾ ಅದೆ ಅಂದ್ರು. ನೋವಿಲ್ಲ ಅಂದ್ರು. ಕುಂತ್ಕಂಡ್ರು. ಆಮೇಲೆ ತುಟಿ ಜೋಮು ಅಂದ್ರು. ಕಾಪಿ ಕುಡಿಯಾಕಾಗ್ನಿಲ್ಲ, ಕಟಬಾಯಾಗೆ ಸೋರ್ತು. ನಮ್ ತಮ್ಮ ಡಾಕ್ಟ್ರ ಕರಿಯಾಕೆ ಓದ. ಡಾಕ್ಟ್ರು ಬರೋ ಒತ್ಗೆ ಉಸ್ರು ನಿಂತಿತ್ತು. ಕೊನೇ ಗಂಟ ನನ್ನೇ ನೋಡ್ತಾ ಇದ್ರು, ಮಾತಾಡಕ್ಕಾಗ್ತಿರ್ಲಿಲ್ಲ."

ಮೊದಲ ಗುಮಾನಿ ಬಿದ್ದದ್ದು ಕರೆಂಟಿನ ಮೇಲೆ. ಲೈನ್‌ಮನ್ ಬಂದು ಮೈನ್ ತೆಗೆದು, ಮೋಟಾರು, ಬಲ್ಬು, ತಂತಿ ಎಲ್ಲ ಪರೀಕ್ಷಿಸಿದ. ಎಲ್ಲೂ ತಂತಿ ಬರಿದಾಗಿರಲಿಲ್ಲ. ಕರೆಂಟು ಹೊಡೆದವನು ಎರಡು ಗಂಟೆ ಕುಳಿತು ಸಾಯುವುದಿಲ್ಲ ಸ್ವಾಮಿ ಎಂದು ಅವನು ಹೇಳಿಹೋದ.

ಯಶೋದಮ್ಮನ ತಮ್ಮ ಪುಟ್ಟರಾಜು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಇಪ್ಪತ್ತೈದರ ಹುಡುಗ, ಕಣ್ಣ ಕೆಳಗೆ ಕಪ್ಪು.

"ನೀನು ಯಾವಾಗಿಂದ ಇಲ್ಲಿದ್ದೀಯ?" ಎಂದರು ತಿಮ್ಮಯ್ಯನವರು.

"ಆರು ತಿಂಗ್ಳಿಂದ."

"ಅದಕ್ಕೆ ಮುಂಚೆ?"

"ಊರಲ್ಲಿ. ಚಿಕ್ಕರಸಿನಕೆರೆ. ಬೇಸಾಯ."

"ಬೇರೆ ಕಡೆ ಹೋಗಿದ್ದೀಯ?"

"ಇಲ್ಲ ಸ್ವಾಮಿ. ಮದ್ದೂರು ದಾಟಿಲ್ಲ."

ಅಷ್ಟರಲ್ಲಿ ಬೀದಿಯಲ್ಲಿ ಇದ್ದಿಲು ಗ್ಯಾಸಿನ ಬಸ್ಸೊಂದು ಢಂ ಎಂದು ಸದ್ದು ಮಾಡಿಕೊಂಡು ಹೋಯಿತು. ಯುದ್ಧ ಶುರುವಾಗಿ ಪೆಟ್ರೋಲು ನಿಂತ ಮೇಲೆ ಬಸ್ಸುಗಳು ಹಾಗೆ ಸಿಡಿಯುವುದು ಮಾಮೂಲು. ನಿಂಗಯ್ಯ ತಿರುಗಿ ನೋಡಿದರೆ ಪುಟ್ಟರಾಜು ಗೋಡೆಯ ಹತ್ತಿರ ಇರಲಿಲ್ಲ. ಪೆಟ್ಟಿಗೆಯ ಮೇಜಿನಡಿ ಮುದುಡಿ, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಬಿದ್ದಿದ್ದ. ಅಕ್ಕ ಹೋಗಿ ಮೆಲ್ಲಗೆ ಅವನ ಬೆನ್ನು ಸವರಿದಳು. "ಅವ್ನಿಗೆ ಸಬ್ದ ಆದ್ರೆ ಆಗಲ್ಲ" ಎಂದಳು, ಯಾರ ಕಡೆಗೂ ನೋಡದೆ.

ಮಧ್ಯಾಹ್ನ ಎರಡು ಗಂಟೆಗೆ ಆಸ್ಪತ್ರೆಯ ಡಾಕ್ಟರು ಇನ್ಸ್‌ಪೆಕ್ಟರರನ್ನು ಕರೆಸಿಕೊಂಡರು. ಸತ್ತವರ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಚುಚ್ಚಿದ ಗುರುತು. ಅದರಿಂದ ಡಾಕ್ಟರು ಚಿಮಟದಲ್ಲಿ ಎಳೆದು ತೆಗೆದ ಚೂರನ್ನು ಬಿಳಿ ಕಾಗದದ ಮೇಲಿಟ್ಟು ತೋರಿಸಿದರು. ಗಾಜಿನ ಎಳೆಯಂತೆ ಸಣ್ಣದು, ತುದಿಗೆ ಕೊಕ್ಕೆ.

"ಹಾವಲ್ಲ. ಹಾವಿನ ಹಲ್ಲು ಹೀಗಿರೋದಿಲ್ಲ. ಆ ನೀರಿನಲ್ಲಿರೋದು ಏನೋ ಒಂದು ಚುಚ್ಚಿದೆ. ನಾನು ಓದಿರೋ ಪುಸ್ತಕದಲ್ಲಿ ಇದಿಲ್ಲ ಇನ್ಸ್‌ಪೆಕ್ಟರೇ."

ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುವ ಮೇಷ್ಟ್ರೊಬ್ಬರು ಡಾಕ್ಟರಿಗೆ ಪರಿಚಯ. ಅವರಿಗೆ ತಂತಿ ಹೊಡೆದು ಕೇಳುವುದೆಂದಾಯಿತು. ಅಲ್ಲಿವರೆಗೆ ಆ ಕಲ್ಲಿನ ಹಿಂದಿನ ಮರಳಲ್ಲಿ ಏನೇನಿದೆಯೋ ಅದನ್ನೆಲ್ಲ ಹೊರತೆಗೆದು ಪಂಚನಾಮೆ ಮಾಡಬೇಕು.

ಮೂರೂವರೆಗೆ ಮತ್ತೆ ಆ ಪಡಸಾಲೆ. ಪಂಚರು ಇಬ್ಬರು ಬಾಗಿಲ ಹತ್ತಿರವೇ ನಿಂತರು. ಪೇದೆ ಕೈ ಹಾಕಲು ಒಪ್ಪಲಿಲ್ಲ; ಸಸ್ಪೆಂಡ್ ಮಾಡಿ ಸ್ವಾಮಿ, ಮನೇಲಿ ಮಕ್ಳವ್ರೆ ಎಂದುಬಿಟ್ಟ. ತಿಮ್ಮಯ್ಯನವರು ನಿಂಗಯ್ಯನ ಮುಖ ನೋಡಿದರು. ನಿಂಗಯ್ಯ ಕೋಟು ಬಿಚ್ಚಿದ.

ಮೊದಲು ಅಡುಗೆಮನೆಯ ಸಟ್ಟುಗ ಇಳಿಬಿಟ್ಟ. ಕಲ್ಲಿನ ಸಂದಿಯಿಂದ ಕರಿಮುಳ್ಳಿನ ಚೆಂಡಿನಂಥದೊಂದು ಬಂತು. ಒಂದೊಂದು ಮುಳ್ಳೂ ಸೂಜಿಯಷ್ಟು ಉದ್ದ. ಎಲ್ಲರೂ ಹಿಂದೆ ಸರಿದರು. "ಇದೇ ಇರ್ಬೇಕು" ಎಂದ ಪಂಚರಲ್ಲೊಬ್ಬ. ಆದರೆ ಸಟ್ಟುಗ ಕಲ್ಲಿನ ಹಿಂದಕ್ಕೆ ತಿರುಗಲಿಲ್ಲ. ನಿಂಗಯ್ಯ ತೋಳು ಮಡಿಸಿ, ಮನೆದೇವರನ್ನು ನೆನೆದು, ನೀರಿಗೆ ಕೈಯಿಟ್ಟ.

"ಬರಿಗೈಲಿ ಬ್ಯಾಡಿ ಸ್ವಾಮಿ" ಎಂದ ಹಿಂದಿನಿಂದ ಪುಟ್ಟರಾಜು. ದನಿ ಒಡೆದಿತ್ತು. "ಬಟ್ಟೆ ಸುತ್ಕಳಿ."

ನಿಂಗಯ್ಯ ಟವಲು ಸುತ್ತಿಕೊಂಡ. ಮುಳ್ಳುಚೆಂಡು ಹೊರಗೆ ಬಂದಾಗಿದೆ, ಇನ್ನೇನು ಭಯ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಮರಳಿನೊಳಗೆ ಬೆರಳಿಗೆ ಏನಾದರೂ ತಗುಲಿದಾಗಲೆಲ್ಲ ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದ. ಒಂದೊಂದಾಗಿ ಏಳು ಶಂಖ ಸಿಕ್ಕವು. ಆರು ಬೂದುಬಣ್ಣದ, ದುಂಡನೆಯ, ಪಾಚಿ ಹಿಡಿದವು. ಏಳನೆಯದು ಮಾತ್ರ ಬೇರೆ. ಒಂದು ಗೇಣಿನಲ್ಲಿ ಅರ್ಧದಷ್ಟು ಉದ್ದ, ಒಂದು ಕಡೆ ದಪ್ಪ, ಇನ್ನೊಂದು ಕಡೆಗೆ ಸಣ್ಣಗಾಗುತ್ತ ಹೋಗಿ, ಮೈಮೇಲೆಲ್ಲ ಕಂದುಬಣ್ಣದ ಜಾಲರಿ ನೇಯ್ದಂತಿತ್ತು. ಅಷ್ಟು ಚೆಂದದ ಶಂಖವನ್ನು ಅವನು ಯಾವ ದೇವಸ್ಥಾನದಲ್ಲೂ ಕಂಡಿರಲಿಲ್ಲ.

ಪಂಚನಾಮೆಯಲ್ಲಿ ತಾನೇ ಬರೆದ: ಮುಳ್ಳಿನ ಚೆಂಡು ಒಂದು, ಶಂಖ ಏಳು. ಎಲ್ಲವನ್ನೂ ಆ ಉಪ್ಪುನೀರಿನ ಸಮೇತ ಬಕೆಟ್ಟಿಗೆ ಹಾಕಿ ಠಾಣೆಗೆ ತಂದರು. ಮುಳ್ಳುಚೆಂಡಿಗೆ ಬೇರೆ ಡಬ್ಬ. ಸಿಕ್ಕಿದ್ದನ್ನೆಲ್ಲ ವಿವರಿಸಿ ಮೈಸೂರಿಗೆ ತಂತಿ ಹೊಡೆದರು. ಮಿಕ್ಕ ಮೀನು, ಏಡಿಗಳನ್ನು ಪುಟ್ಟರಾಜುವಿನ ವಶಕ್ಕೆ ಬಿಟ್ಟರು. ರಾಮಲಿಂಗಯ್ಯನವರ ನೋಟ್‌ಬುಕ್ಕೊಂದನ್ನು ಇನ್ಸ್‌ಪೆಕ್ಟರರು ಕೈಯಲ್ಲಿ ಹಿಡಿದುಕೊಂಡು ಹೋದರು.

ಅಂದು ಸಂಜೆ ಆರು ಗಂಟೆಗೆ ಡ್ಯೂಟಿ ಮುಗಿಸುವಾಗ ನಿಂಗಯ್ಯ ಮಾಡಬಾರದ ಕೆಲಸ ಮಾಡಿದ. ಕೊಂದದ್ದು ಮುಳ್ಳುಚೆಂಡು ಎಂದು ಎಲ್ಲರ ಬಾಯಲ್ಲೂ ಆಗಿತ್ತು. ಶಂಖ ಯಾರಿಗೆ ಬೇಕು? ಅವನ ಹೆಂಡತಿ ಸಣ್ಣತಾಯಮ್ಮನಿಗೆ ದೇವರ ಗೂಡಿನಲ್ಲಿ ಒಂದು ಶಂಖ ಇಡಬೇಕೆಂದು ಮದುವೆಯಾದಂದಿನಿಂದ ಆಸೆ. ಆ ಜಾಲರಿಯ ಶಂಖವನ್ನು ದಪ್ಪ ಕಡೆಯಿಂದ ಹಿಡಿದು ತನ್ನ ಚೊಂಬಿಗೆ ಹಾಕಿ, ಒಳಗಿನ ಹುಳು ಸತ್ತು ನಾರಬಾರದೆಂದು ಬಕೆಟ್ಟಿನ ನೀರನ್ನೇ ಅದಕ್ಕೂ ಬಗ್ಗಿಸಿಕೊಂಡು ಮನೆಗೆ ಹೋದ.

ಮಾರನೆಯ ದಿನ, ಬುಧವಾರ, ಹನ್ನೆರಡು ಗಂಟೆಗೆ ತಿಮ್ಮಯ್ಯನವರು ಅವನನ್ನು ಒಳಗೆ ಕರೆದರು. ಮೇಜಿನ ಮೇಲೆ ಆ ನೋಟ್‌ಬುಕ್ಕು ತೆರೆದಿತ್ತು.

"ಇಂಥ ಮನುಷ್ಯನನ್ನ ನಾನು ನೋಡಿಲ್ಲ ನಿಂಗಯ್ಯ. ಕಡಲತೀರದ ಪಾಂಬನ್ನಿನ ಮೀನುಗಾರನೊಬ್ಬನ ಹತ್ತಿರ ನೀರು ತರಿಸಿ, ಹದಿನೈದು ದಿನ ಕತ್ತಲಲ್ಲಿ ಜಾಡಿಯಲ್ಲಿಟ್ಟು, ಆಮೇಲೆ ಪೆಟ್ಟಿಗೆಗೆ ತುಂಬಿದ್ದಾರೆ. ಮೂರು ತಿಂಗಳು ಬರೀ ಮರಳು, ಕಲ್ಲು. ಮೀನು ಬಿಟ್ಟಿಲ್ಲ. ನೀರು ಪಳಗಲಿ ಅಂತ. ದಿನಾ ಉಪ್ಪು ಎಷ್ಟಿದೆ ಅಂತ ಗಾಜಿನ ಕಡ್ಡಿಯಲ್ಲಿ ಅಳೆದು ಬರೆದಿದ್ದಾರೆ. ದಿನಾ ಸಂಜೆ ಆರು ಗಂಟೆಗೆ ಒಳಗಿರೋ ಜೀವಗಳನ್ನ ಎಣಿಸಿದ್ದಾರೆ." ಅವರು ಹಾಳೆ ತಿರುಗಿಸಿದರು. "ಎಂಟನೇ ತಾರೀಖು ಸಂಜೆ. ಮೀನು ಐದು, ಹೂ ಒಂದು, ಏಡಿ ಮೂರು, ಮುಳ್ಳುಚೆಂಡು ಒಂದು, ಪಾಚಿ ತಿನ್ನೋ ಶಂಖ ಆರು. ನಿನ್ನ ಪಂಚನಾಮೆಯಲ್ಲಿ ಶಂಖ ಏಳು."

"ಹೌದು ಸ್ವಾಮಿ."

"ಅಂದರೆ ಎಂಟರ ಸಂಜೆಗೂ ಒಂಬತ್ತರ ಬೆಳಿಗ್ಗೆಗೂ ನಡುವೆ ಯಾರೋ ಒಂದು ಶಂಖ ಹಾಕಿದ್ದಾರೆ. ಈಗ ಬಕೆಟ್ಟು ನೋಡಿಬಂದೆ. ಆರೇ ಇವೆ."

ನಿಂಗಯ್ಯ ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಂಚೆ ಜವಾನ ತಂತಿ ತಂದುಕೊಟ್ಟ. ತಿಮ್ಮಯ್ಯನವರು ಒಡೆದು ಓದಿದರು. ಆಮೇಲೆ ಕನ್ನಡದಲ್ಲಿ ಹೇಳಿದರು:

"ಮುಳ್ಳುಚೆಂಡು ಅಲ್ಲ. ಕೊಕ್ಕೆ ಹಲ್ಲು ಜಾಲರಿ ಚಿತ್ರದ, ಮೊನೆಯಾದ ಶಂಖದ್ದು. ಜೀವ ಇರುವವರೆಗೆ ಮುಟ್ಟಬೇಡಿ. ಚುಚ್ಚಿದರೆ ಮದ್ದಿಲ್ಲ."

ನಿಂಗಯ್ಯ ಸಲಾಮು ಹೊಡೆಯಲಿಲ್ಲ, ಟೋಪಿ ತೆಗೆದುಕೊಳ್ಳಲಿಲ್ಲ. ಠಾಣೆಯ ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಇಳಿದು ಓಡಿದ. ಹಿಂದಿನಿಂದ ಇನ್ಸ್‌ಪೆಕ್ಟರರು ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ಮನೆ ಕೆರೆಯ ಕಡೆಗೆ ಅರ್ಧ ಮೈಲಿ. ಬೆಳಿಗ್ಗೆ ಮನೆ ಬಿಡುವಾಗ ಹೆಂಡತಿ ಆಡಿದ ಮಾತು ಹೆಜ್ಜೆಹೆಜ್ಜೆಗೂ ನೆನಪಾಗುತ್ತಿತ್ತು. ಇವತ್ತು ನೀರು ತಂದ್ಮೇಲೆ ಉಣಸೇಹಣ್ಣು ಆಕಿ ತಿಕ್ತೀನಿ ಅಂದಿದ್ದಳು. ರಾಮಲಿಂಗಯ್ಯನವರ ಅರ್ಧ ತೆರೆದ ಕಣ್ಣು ಅವನ ಕಣ್ಣ ಮುಂದೆ ಬಂತು. ಕೊನೇ ಗಂಟ ನನ್ನೇ ನೋಡ್ತಾ ಇದ್ರು.

ಹಿತ್ತಿಲಲ್ಲಿ ಸಣ್ಣತಾಯಮ್ಮ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಹುಣಸೆಹಣ್ಣಿನ ಮುದ್ದೆ. ಶಂಖ ಅವಳ ಎಡ ಅಂಗೈಯಲ್ಲಿತ್ತು, ಮೊನೆ ಹೆಬ್ಬೆರಳಿನ ಕಡೆ. ಆ ಮೊನೆಯಿಂದ ಬಿಳಿಚಿದ ಎರೆಹುಳದಂಥದೊಂದು ಹೊರಬಂದು, ಅತ್ತಿತ್ತ ತಡಕುತ್ತ, ಅವಳ ಹೆಬ್ಬೆರಳ ಬುಡದ ಕಡೆಗೆ ಬಾಗುತ್ತಿತ್ತು. ಅವಳು ಬಲಗೈಯನ್ನು ಹುಣಸೆಹಣ್ಣಿಗೆ ಚಾಚಿದ್ದಳು.

"ಸಣ್ಣಿ, ಅಲ್ಲಾಡ್‌ಬ್ಯಾಡ."

ಬೆನ್ನ ಹಿಂದೆ ಹಾವಿದೆಯೆಂದುಕೊಂಡು ಅವಳು ಕಲ್ಲಾದಳು. "ಎಲ್ಲಿ?" ಎಂದಳು ಉಸಿರಿನಲ್ಲೇ.

"ಕೈಯಾಗೆ. ಅದ್ನ ನೋಡ್‌ಬ್ಯಾಡ. ನನ್ ಮುಖ ನೋಡು." ಚೊಂಬು ಅವಳ ಕಾಲ ಬಳಿಯೇ ಇತ್ತು. ನಿಂಗಯ್ಯ ಮಂಡಿಯೂರಿ ಅದನ್ನು ಅವಳ ಅಂಗೈಯ ಕೆಳಕ್ಕೆ ತಂದ. "ಈಗ ಕೈ ಮಗುಚು. ಬೆರಳು ಮಡಿಸ್‌ಬ್ಯಾಡ. ಬರೀ ಮಗುಚು."

ಶಂಖ ಚೊಂಬಿನೊಳಗೆ ಠಣ್ಣೆಂದು ಬಿತ್ತು. ನಿಂಗಯ್ಯ ಚೊಂಬನ್ನು ದೂರಕ್ಕೆ ಸರಿಸಿ, ಹೆಂಡತಿಯ ಕೈ ಹಿಡಿದು, ಬಿಸಿಲಿಗೆ ತಿರುಗಿಸಿ, ಒಂದೊಂದು ಗೆರೆಯನ್ನೂ ನೋಡಿದ. ಚುಚ್ಚಿದ ಗುರುತಿರಲಿಲ್ಲ. ಮತ್ತೆ ನೋಡಿದ.

"ಯಾಕಿಂಗ್ ನಡುಗ್ತಿದ್ದೀರಿ?" ಎಂದಳು ಅವಳು. "ಜೋಮು ಅದಾ? ಕೈ ಜೋಮು ಅದಾ ಯೋಳು" ಎಂದು ಅವನು ಕೇಳುತ್ತಲೇ ಇದ್ದ. ಅರ್ಧ ಗಂಟೆ ಅವಳ ಪಕ್ಕದಲ್ಲಿ ಕುಳಿತು, ಅವಳು ಇಲ್ಲ ಇಲ್ಲ ಎಂದು ರೇಗಿದ ಮೇಲೆಯೇ ಎದ್ದದ್ದು.

ಠಾಣೆಯಲ್ಲಿ ಚೊಂಬನ್ನು ಮೇಜಿನ ಮೇಲಿಟ್ಟು, ಮುಚ್ಚಿಡದೆ ಎಲ್ಲವನ್ನೂ ಹೇಳಿದ. ತಿಮ್ಮಯ್ಯನವರು ಚೊಂಬಿನ ಬಾಯಿಗೆ ತಟ್ಟೆ ಮುಚ್ಚಿದರು.

"ಇದನ್ನ ನಾನು ಕೇಸ್ ಡೈರಿಯಲ್ಲಿ ಬರೀಬೇಕಾಗ್ತದೆ. ನಿನ್ನ ತೋಳಿನ ಪಟ್ಟಿ ಹೋಗಬಹುದು."

"ಬರೀರಿ ಸ್ವಾಮಿ."

"ಮನೆಯಲ್ಲಿ ಹೇಗಿದ್ದಾರೆ?"

"ಚೆನ್ನಾಗವ್ಳೆ."

ಅಂದು ಸಂಜೆ ನಾಲ್ಕು ಗಂಟೆಗೆ ಕೊಲೆಯೆಂದು ಎಫ್.ಐ.ಆರ್. ದಾಖಲಾಯಿತು. ಆ ರಾತ್ರಿ ಮನೆಯಲ್ಲಿದ್ದವರು ಗಂಡ, ಹೆಂಡತಿ, ಭಾವಮೈದುನ ಮೂರೇ ಜನ. ನೋಟ್‌ಬುಕ್ಕಿನ ಪ್ರಕಾರ ಪಾಂಬನ್ನಿನಿಂದ ಕೊನೆಯ ಬುಟ್ಟಿ ಬಂದದ್ದು ಜನವರಿ 23ಕ್ಕೆ, ಮದ್ದೂರು ಸ್ಟೇಷನ್ನಿಗೆ. ಬಿಡಿಸಿಕೊಂಡು ಬಂದವನು ರಾಜು ಎಂದು ಬರೆದಿತ್ತು.

ಹನ್ನೊಂದನೆಯ ತಾರೀಖು ಬೆಳಿಗ್ಗೆಯ ಮೊದಲ ಬಸ್ಸಿಗೆ ತಿಮ್ಮಯ್ಯನವರೂ ನಿಂಗಯ್ಯನೂ ಮದ್ದೂರಿಗೆ ಹೋದರು. ರೈಲ್ವೆ ಸ್ಟೇಷನ್ನಿನಲ್ಲಿ ಪಾರ್ಸೆಲ್ ಹೊರುವ ಚಿಕ್ಕಬೋರಯ್ಯನಿಗೆ ಆ ಬುಟ್ಟಿಗಳೆಂದರೆ ಚೆನ್ನಾಗಿ ನೆನಪು. ಅವು ಬಂದ ದಿನವೆಲ್ಲ ಗೋಡೌನು ನಾರುತ್ತಿತ್ತಂತೆ.

"ಆ ಉಡ್ಗ ಬುಟ್ಟಿ ಬಿಚ್ಚಿ ಒಳಗಿನ್ ಸೊಪ್ಪಿಗೆ ನೀರು ಚುಮುಕ್ಸ್ತಾ ಇದ್ದ ಸ್ವಾಮಿ. ಇದ್ದಕ್ಕಿದ್ದಂಗೆ ಆವ ಕಂಡೋನಂಗೆ ಇಂದಕ್ಕೆ ಆರ್ದ. ನೋಡಿದ್ರೆ ಕಲ್ಲಿಗೆ ಒಂದು ಶಂಕ ಅಂಟ್ಕಂಡಿತ್ತು. ಟವಲ್ ಸುತ್ಕಂಡು, ದಪ್ಪ ಕಡೆ ಇಡ್ದು, ಒಂದ್ ಡಬ್ಬಕ್ಕೆ ಆಕ್ದ. ಏನ್ಲಾ ಅದು ಅಂದೆ. ಮುಟ್ಬ್ಯಾಡ ಕಣಣ್ಣ, ಪಾಂಬನ್ನಾಗೆ ಶಂಕ ತೆಗ್ಯಾಕೆ ಮುಳುಗೋನೊಬ್ಬ ಇದ್ನ ಸೊಂಟದ್ ಚೀಲ್ದಾಗೆ ಆಕ್ಕಂಡು, ಒತ್ತು ನೆತ್ತಿಗ್ ಬರೋದ್ರೊಳಗೆ ಸತ್ತೋದ, ನಾನೇ ನೋಡೀನಿ ಅಂದ."

"ನಾನೇ ನೋಡೀನಿ ಅಂದನಾ?"

"ಊ ಸ್ವಾಮಿ. ಅಂಗೇ ಅಂದ."

ಮದ್ದೂರು ದಾಟಿಲ್ಲ ಎಂದಿದ್ದವನು ಪಾಂಬನ್ನಿನಲ್ಲಿ ಸತ್ತವನನ್ನು ನೋಡಿದ್ದ. ತಿಮ್ಮಯ್ಯನವರು ಅಲ್ಲಿಂದ ನೇರ ಮದ್ದೂರು ಪೊಲೀಸ್ ಠಾಣೆಗೆ ನಡೆದರು. ಸೈನ್ಯದ ಪಟಾಲಂ ಬಿಟ್ಟು ಓಡಿದವರ ಪಟ್ಟಿ ಅಲ್ಲಿನ ಗೋಡೆಯ ಮೇಲೆ ಹಳದಿಯಾಗಿತ್ತು. ಬೆರಳಿಟ್ಟು ಕೆಳಗಿಳಿಸಿದರು. ಹತ್ತೊಂಬತ್ತನೆಯ ಸಾಲಿನಲ್ಲಿ ಸಿಕ್ಕಿತು: ಪುಟ್ಟರಾಜು, ಚಿಕ್ಕರಸಿನಕೆರೆ; ರಂಗೂನಿನಿಂದ ವಾಪಸು; ಮಂಟಪಂನಲ್ಲಿ ಪಾಂಬನ್ ಸೇತುವೆಯ ಕಾವಲು; ಆಗಸ್ಟ್ 1942ರಿಂದ ಗೈರುಹಾಜರು.

ಸಂಜೆ ನಾಲ್ಕೂವರೆಗೆ ಪೇಟೆಬೀದಿಯ ಮನೆಯನ್ನು ಎರಡು ಕಡೆಯಿಂದಲೂ ಕಾಯ್ದರು. ಅವನು ಹಿತ್ತಿಲು ಹಾರಬಹುದು, ಕೈಗೆ ಕತ್ತಿ ತೆಗೆದುಕೊಳ್ಳಬಹುದು ಎಂದು ನಿಂಗಯ್ಯ ಲಾಠಿಯನ್ನು ಬಿಗಿಯಾಗಿ ಹಿಡಿದಿದ್ದ. ಪುಟ್ಟರಾಜು ಓಡಿರಲಿಲ್ಲ. ಪೆಟ್ಟಿಗೆಯ ಮುಂದೆ ಕುಳಿತು ಮೀನಿಗೆ ಅರೆದ ಸೀಗಡಿ ಹಾಕುತ್ತಿದ್ದ. ಪೊಲೀಸರನ್ನು ಕಂಡು ಎದ್ದು, ಹಿಮ್ಮಡಿ ಜೋಡಿಸಿ, ಎರಡೂ ಕೈ ತೊಡೆಗೆ ಹಚ್ಚಿ ನೆಟ್ಟಗೆ ನಿಂತ. ಆ ಕೈಗಳು ಮಾತ್ರ ನಿಲ್ಲದೆ ಅದುರುತ್ತಿದ್ದವು.

"ಪಾಂಬನ್ನಿನಿಂದ ಯಾಕೆ ಓಡಿಬಂದೆ?" ಎಂದರು ತಿಮ್ಮಯ್ಯನವರು.

ಅವನು ಅದನ್ನೇ ಕಾಯುತ್ತಿದ್ದವನಂತೆ ಹೇಳಿದ. ರಂಗೂನಿನಲ್ಲಿ ಬಾಂಬು ಬಿದ್ದ ದಿನ ಅವನು ಹಡಗುಕಟ್ಟೆಯಲ್ಲಿದ್ದ. ಪಕ್ಕದಲ್ಲಿ ಕೂತು ಅನ್ನ ತಿನ್ನುತ್ತಿದ್ದವನ ಕೈಯಲ್ಲಿ ತಟ್ಟೆ ಇತ್ತು, ತಲೆ ಇರಲಿಲ್ಲ. ವಾಪಸು ಬಂದ ಮೇಲೆ ಸೇತುವೆ ಕಾಯಲು ಹಾಕಿದರು. ಅಲೆ ಬಡಿದರೂ, ರೈಲು ದಾಟಿದರೂ ಅವನಿಗೆ ಬಾಂಬೇ. ಒಂದು ದಿನ ಬಂದೂಕನ್ನು ಕಂಬಕ್ಕೆ ಒರಗಿಸಿಟ್ಟು ನಡೆಯತೊಡಗಿದ.

"ಆ ಶಂಖ ಯಾಕೆ ಇಟ್ಟುಕೊಂಡೆ?"

"ನಂಗೇ ಅಂತ ಮಡೀಕಂಡಿದ್ದೆ ಸ್ವಾಮಿ. ನೀವೇನಾರ ಇಡ್ಕಂಡೋಗೋಕ್ ಬಂದ್ರೆ ಮುಷ್ಟೀಲಿ ಇಸುಕ್ಕಂಡ್ಬುಡಾನ ಅಂತ. ಇತ್ಲಲ್ಲಿ ಮಡಕೇಲಿ ಉಪ್ನೀರಾಕಿ ಸಾಕ್ದೆ. ದಿನಕ್ಕೊಂದು ಸಣ್ ಮೀನು ಆಕ್ತಿದ್ದೆ."

"ಮತ್ತೆ ಭಾವನ ಪೆಟ್ಟಿಗೆಗೆ ಹೆಂಗೆ ಹೋಯ್ತು?"

ಪುಟ್ಟರಾಜು ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಯಶೋದಮ್ಮ ಚೌಕಟ್ಟು ಹಿಡಿದು ನಿಂತಿದ್ದಳು.

"ಏಳ್ನೇ ತಾರೀಕು ಭಾವ ಇಂಗ್ಲೀಷಲ್ಲಿ ಕಾಗ್ದ ಬರೀತಿದ್ರು. ನಂಗೆ ಇಂಗ್ಲೀಷು ಬರಲ್ಲ, ಆದ್ರೆ ಮಿಲಿಟ್ರಿ ಅನ್ನೋ ಅಕ್ಸರ ಗೊತ್ತು, ಬ್ಯಾರಕ್ ಮ್ಯಾಲೆ ದಿನಾ ನೋಡಿದ್ದೆ. ಕವರ್ ಮ್ಯಾಲೆ ಅದಿತ್ತು. ಏನ್ ಭಾವ ಅಂದೆ. ನಿನ್ನ ವಿಚಾರಾನೇ ಕಣೋ, ಇನ್ನೆಷ್ಟ್ ದಿನ ಇಂಗೆ ಅವಿತ್ಕಂಡಿರ್ತೀಯ ಅಂದ್ರು. ನಗ್ತಾ ಅಂದ್ರು. ಪೋಸ್ಟಿಗೂ ಆಕುದ್ರು. ಎರಡು ದಿನ ಕಣ್ಮುಚ್ನಿಲ್ಲ ಸ್ವಾಮಿ. ಬೂಟಿನ್ ಸಬ್ದ ಕೇಳ್ತಾನೇ ಇತ್ತು. ಭಾವ ಇಲ್ದಿದ್ರೆ ಬಂದೋರ್ಗೆ ನನ್ನ ತೋರ್ಸೋರು ಯಾರಿರಲ್ಲ ಅನ್ನುಸ್ತು. ಒಂಬತ್ನೇ ತಾರೀಕು ಬೆಳಗಾಗೋಕ್ ಮುಂಚೆ ಕಲ್ಲಿನಿಂದೆ ಬುಟ್ಟೆ. ಆಮೇಲೆ ತೆಗ್ದುಬುಡ್ಬೇಕು ಅಂದ್ಕಂಡಿದ್ದೆ, ಅಷ್ಟ್ರಲ್ಲಿ ನೀವೆಲ್ಲ ಬಂದ್ಬುಟ್ರಿ." ಅವನು ನಿಂಗಯ್ಯನ ಕಡೆಗೆ ತಿರುಗಿದ. "ನಿಮ್ ಕೈ ನೀರಲ್ಲಿದ್ದಾಗ ಪ್ರಾಣ ಓಗಿತ್ತು ನಂಗೆ."

ನಿಂಗಯ್ಯ ಅವನ ಕೈಗೆ ಬೇಡಿ ಹಾಕಿದ. ಬೇಡಿಯ ಸರಪಳಿ ಆ ಅದುರಿಗೆ ಕಿಣಿಕಿಣಿ ಎನ್ನುತ್ತಿತ್ತು.

ಯಶೋದಮ್ಮ ಅಳಲಿಲ್ಲ, ಬಯ್ಯಲಿಲ್ಲ. ತಮ್ಮ ಹೊಸ್ತಿಲು ದಾಟುವಾಗ, "ಅವತ್ತು ಡಾಕ್ಟ್ರ ಕರಿಯಾಕೆ ಓಡಿದ್ಯಲ್ಲ, ಓಡ್ದೋ ಇಲ್ಲ ನಿಧಾನಕ್ ಓದ್ಯೋ?" ಎಂದು ಕೇಳಿದಳು.

"ಓಡ್ದೆ ಕಣಕ್ಕ. ದೇವ್ರಾಣೆ ಓಡ್ದೆ."

ಹನ್ನೆರಡನೆಯ ತಾರೀಖು ಮ್ಯಾಜಿಸ್ಟ್ರೇಟರ ಮುಂದೆಯೂ ಅವನು ಅದನ್ನೇ ಹೇಳಿದ. ಮಂಡ್ಯದ ಜೈಲಿಗೆ ಸಾಗಿಸುವ ತನಕ ಮಳವಳ್ಳಿಯ ಲಾಕಪ್ಪಿನಲ್ಲಿಟ್ಟರು. ಚಾರ್ಜ್‌ಷೀಟಿನ ಕರಡಿನಲ್ಲಿ ಕೊಲೆಗೆ ಪ್ರೇರಣೆ ಏನೆಂದು ಬರೆಯುವ ಜಾಗವನ್ನು ತಿಮ್ಮಯ್ಯನವರು ಎರಡು ದಿನ ಖಾಲಿ ಬಿಟ್ಟಿದ್ದರು. ದ್ವೇಷ ಎಂದು ಬರೆಯಲಾಗಲಿಲ್ಲ, ಆಸ್ತಿ ಎಂದು ಬರೆಯಲಾಗಲಿಲ್ಲ. ಕೊನೆಗೆ 'ಭಯ' ಎಂಬ ಒಂದೇ ಮಾತು ಬರೆದು ರುಜು ಹಾಕಿದರು.

ಹದಿನೇಳನೆಯ ತಾರೀಖು ಬೆಳಿಗ್ಗೆ ಹತ್ತು ಗಂಟೆಗೆ ಯಶೋದಮ್ಮ ಠಾಣೆಗೆ ಬಂದು, ಗಂಡನ ಹೆಸರಿಗೆ ಬಂದ ಒಂದು ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಇಂಗ್ಲಿಷಿನಲ್ಲಿದೆ, ಓದಿ ಹೇಳಿ ಎಂದಳು. ತಿಮ್ಮಯ್ಯನವರು ನಿಂತುಕೊಂಡೇ ಓದಿದರು, ಆಮೇಲೆ ಕುಳಿತು ಇನ್ನೊಮ್ಮೆ ಓದಿದರು. ಒಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಅದನ್ನು ಕನ್ನಡಕ್ಕಿಳಿಸಿ ಆಕೆಗೆ ಓದಿ ಹೇಳಿದರು. ಆಕೆ ಖಾಲಿ ಲಕೋಟೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

"ಅವ್ನಿಗೂ ಓದಿ ಯೋಳಿ" ಎಂದು ಎದ್ದು ಹೋದಳು.

ಆ ಹಾಳೆ ನಿಂಗಯ್ಯನ ಕೈಗೆ ಬಂತು. ಅವನು ಲಾಕಪ್ಪಿನ ಮುಂದೆ ಮಣೆ ಹಾಕಿಕೊಂಡು ಕುಳಿತ. ಪುಟ್ಟರಾಜು ಕಂಬಿಗೆ ಹತ್ತಿರವಾಗಿ ಸರಿದ. ನಿಂಗಯ್ಯ ಒಂದೊಂದೇ ಮಾತು ಬಿಡಿಸಿ ಓದಿದ:

"ಪ್ರಿಯ ರಾಮಲಿಂಗಯ್ಯನವರೆ, ನಿಮ್ಮ ಕಾಗದ ತಲುಪಿತು. ನಿಮ್ಮ ಭಾವಮೈದುನನಿಗೆ ಇರುವುದು ಹೇಡಿತನವಲ್ಲ, ಕಾಯಿಲೆ. ಬರ್ಮಾದಿಂದ ಬಂದವರಲ್ಲಿ ಇಂಥವರನ್ನು ನಮ್ಮ ಮಿಲಿಟರಿ ಆಸ್ಪತ್ರೆಯಲ್ಲಿ ದಿನವೂ ನೋಡುತ್ತಿದ್ದೇನೆ. ತಾನಾಗಿ ಬಂದರೆ ಡಾಕ್ಟರಾಗಿ ನಾನು ಮೆಡಿಕಲ್ ಬೋರ್ಡಿನ ಮುಂದೆ ಅವನ ಪರವಾಗಿ ಬರೆದುಕೊಡುತ್ತೇನೆ, ಬಿಡುಗಡೆ ಮಾಡಿಸಬಹುದು. ನೀವು ಕೇಳಿದಂತೆ ಸದ್ಯಕ್ಕೆ ಯಾರಿಗೂ ತಿಳಿಸಿಲ್ಲ. ಈ ತಿಂಗಳ ಕೊನೆಯೊಳಗೆ ನೀವೇ ಜೊತೆಯಲ್ಲಿ ಕರೆದುಕೊಂಡು ಬನ್ನಿ. ಅವನಿಗೆ ಹೆದರಬೇಡವೆಂದು ಹೇಳಿ."

ಹೊರಗೆ ಮದ್ದೂರಿನ ಬಸ್ಸು ಢಂ ಎಂದು ಸಿಡಿದು ಮುಂದಕ್ಕೆ ಹೋಯಿತು. ಪುಟ್ಟರಾಜು ಅಲುಗಲಿಲ್ಲ. ಕಂಬಿ ಹಿಡಿದಿದ್ದ ಅವನ ಎರಡು ಕೈಗಳೂ ಅಲ್ಲಾಡದೆ ನಿಂತಿದ್ದವು.

"ಇನ್ನೊಂದ್ಸಲ ಓದಿ ಸ್ವಾಮಿ" ಎಂದ.

ನಿಂಗಯ್ಯ ಹಾಳೆಯನ್ನು ಬೆಳಕಿಗೆ ಹಿಡಿದು ಮೊದಲಿಂದ ಓದಿದ.